ಕಡಲಿಗೆ ಒಂದು, ಘಟ್ಟಕ್ಕೆ ಇನ್ನೊಂದು: ಸ್ಯಾಂಡ್‌ಬ್ಲಾಸ್ಟ್ ಮಾಡಿದ ಮರದ ಬೋರ್ಡಿಗೆ ಯಾವ ಫಿನಿಶ್?

ಕೆಲವು ವರ್ಷಗಳ ಹಿಂದೆ ಒಂದೇ ಸಾಗವಾನಿ ಹಲಗೆಯಿಂದ ಎರಡು ಹೆಸರಿನ ಬೋರ್ಡು ಮಾಡಿದೆ, ಸ್ಯಾಂಡ್‌ಬ್ಲಾಸ್ಟ್ ಮಾಡಿ, ಅಂದರೆ ಜೋರು ಗಾಳಿಯಲ್ಲಿ ಹರಳು ಹೊಡೆದು ಹಿನ್ನೆಲೆ ಸವೆಸಿ. ಒಂದು ಕಾರವಾರದಲ್ಲಿ ಕಡಲಿಗೆ ಮುಖ ಮಾಡಿ ನಿಂತ ಮನೆಗೆ. ಇನ್ನೊಂದು ಶಿರಸಿ ಹತ್ತಿರ, ಅಡಿಕೆ ತೋಟದ ನಡುವಿನ ಹೋಂಸ್ಟೇಗೆ. ನಾನಿರುವುದು ಕುಮಟಾದಲ್ಲಿ. ಒಂದು ಹೆದ್ದಾರಿ ಹಿಡಿದು ಉತ್ತರಕ್ಕೆ ಹೋಯಿತು, ಇನ್ನೊಂದು ದೇವಿಮನೆ ಘಟ್ಟ ಹತ್ತಿತು. ಎರಡಕ್ಕೂ ಒಂದೇ ಪಿಯು (ಪಾಲಿಯುರೆಥೇನ್) ಪಾಲಿಶ್, ಮೂರು ಕೋಟು. ಕೊಡುವಾಗ ಕನ್ನಡಿಯ ಹಾಗೆ ಹೊಳೆಯುತ್ತಿದ್ದವು. ಶಿರಸಿಯ ಹೋಂಸ್ಟೇ ಯಜಮಾನರು ಕೈಯಲ್ಲಿ ಸವರಿ ನೋಡಿ, "ತಮಾ, ಹೊಳೆಯೋದು ಹೌದು. ಉಳಿಯೋದು ಎಷ್ಟು ದಿನ?" ಎಂದು ಕೇಳಿದರು. ಆಗ ನನ್ನ ಹತ್ತಿರ ಸರಿಯಾದ ಉತ್ತರ ಇರಲಿಲ್ಲ.

ಒಂದು ಮಳೆಗಾಲ ಕಳೆದು ದೀಪಾವಳಿ ಹೊತ್ತಿಗೆ ಎರಡನ್ನೂ ನೋಡಿ ಬಂದೆ. ಕಾರವಾರದ್ದು ಹಾವಿನ ಪೊರೆಯ ಹಾಗೆ ಸುಲಿದು ನಿಂತಿತ್ತು. ಪಾಲಿಶ್ ಎದ್ದ ಕಡೆಯೆಲ್ಲ ಮರ ಬೂದಿ ಬಣ್ಣಕ್ಕೆ ತಿರುಗಿತ್ತು. ಶಿರಸಿಯದ್ದರಲ್ಲಿ ಪಾಲಿಶ್ ಹಾಗೇ ಇತ್ತು, ಆದರೆ ಕೆಳ ಅಂಚಿನಿಂದ ನೀರು ಒಳಹೊಕ್ಕು ಪಾಲಿಶಿನ ಅಡಿಯಲ್ಲೇ ಕಪ್ಪು ಬೂಷ್ಟು ಹರಡಿತ್ತು. ಮರ ಒಂದೇ, ಪಾಲಿಶ್ ಒಂದೇ, ಹಾಳಾದ ರೀತಿ ಮಾತ್ರ ಬೇರೆ ಬೇರೆ. ಅವತ್ತಿನಿಂದ ಯಾವ ಡಬ್ಬಿ ಕೈಗೆತ್ತಿಕೊಂಡರೂ ನಾನು ಮೊದಲು ಕೇಳುವುದು ಇದು ಎಷ್ಟು ವರ್ಷ ಬಾಳುತ್ತದೆ ಎಂದಲ್ಲ, ಇದು ಹೇಗೆ ಹಾಳಾಗುತ್ತದೆ ಎಂದು. ಸವೆಯುತ್ತಾ ಹೋಗುವ ಬಣ್ಣದ ಮೇಲೆ ಇನ್ನೊಂದು ಕೋಟು ಬಳಿಯಬಹುದು. ಸುಲಿದು ಏಳುವ ಪಾಲಿಶನ್ನು ಪೂರ್ತಿ ಕೆರೆದು ತೆಗೆಯಬೇಕು. ಸ್ಯಾಂಡ್‌ಬ್ಲಾಸ್ಟ್ ಮಾಡಿದ ಮೈಯಲ್ಲಿ ಕೆರೆಯುವುದು ಎಂದರೆ ಏನು ಎಂದು ಒಮ್ಮೆ ಮಾಡಿದವರಿಗೇ ಗೊತ್ತು.

ಈ ಮೈ ಬೇರೆ ಥರ

ಅಕ್ಷರಗಳ ಮೇಲೆ ರಬ್ಬರ್ ಹಾಳೆ ಅಂಟಿಸಿ, ಉಳಿದ ಜಾಗಕ್ಕೆ ಕಂಪ್ರೆಸರ್ ಗಾಳಿಯಲ್ಲಿ ಹರಳು ಹೊಡೆದಾಗ ಮರದ ಮೆತ್ತನೆ ಭಾಗ ಸವೆದು ಹೋಗುತ್ತದೆ. ಗಟ್ಟಿ ಗೆರೆಗಳು ಎದ್ದು ನಿಲ್ಲುತ್ತವೆ. ಈ ಕೆಲಸ ಹೆಸರು ಮಾಡಿದ್ದು ಅಮೆರಿಕದಲ್ಲಿ, ರೆಡ್‌ವುಡ್ ಮತ್ತು ಸೀಡರ್ ಮರಗಳ ಮೇಲೆ. ನಮ್ಮಲ್ಲಿ ಸಾಗವಾನಿಗೆ ಒಳ್ಳೆಯ ಗೆರೆ ಬರುತ್ತದೆ. ಪೈನ್ ಇನ್ನೂ ಚೆನ್ನಾಗಿ ಕೆತ್ತುತ್ತದೆ, ಆದರೆ ನಮ್ಮ ಮಳೆಗೆ ಬೇಗ ಕೊಳೆಯುತ್ತದೆ. ಹಲಸಿನಲ್ಲಿ ಗೆರೆ ಅಷ್ಟಾಗಿ ಏಳುವುದಿಲ್ಲ. ಗುಡಿಗಾರರು ಕೆತ್ತನೆಗೆ ಬಳಸುವ ಶಿವನಿ ಹಗುರ, ಬಾಗುವುದೂ ಕಡಿಮೆ. ಪೂರ್ತಿ ಬಣ್ಣ ಬಳಿಯುವುದಾದರೆ ಅದು ಒಳ್ಳೆಯ ಆಯ್ಕೆ. (ಬ್ಲಾಸ್ಟಿಂಗ್‌ಗೆ ಹೊಳೆ ಮರಳು ಬಳಸಬೇಡಿ ಎಂದು ಕೈಮುಗಿದು ಹೇಳುತ್ತೇನೆ. ಅದರ ಸಣ್ಣ ಧೂಳು ಶ್ವಾಸಕೋಶಕ್ಕೆ ಹೋಗಿ ಸಿಲಿಕೋಸಿಸ್ ತರುತ್ತದೆ. ಅದು ವಾಸಿಯಾಗುವ ಕಾಯಿಲೆ ಅಲ್ಲ. ಗಾರ್ನೆಟ್ ಅಥವಾ ಅಲ್ಯುಮಿನಿಯಂ ಆಕ್ಸೈಡ್ ಹರಳು ತನ್ನಿ, ಒಳ್ಳೆಯ ಮಾಸ್ಕ್ ಹಾಕಿ.)

ಈಗ ಈ ಏರಿಳಿತದ ಮೈ ಮೇಲೆ ದಪ್ಪ ಪಾಲಿಶ್ ಹಚ್ಚಿದರೆ ಅದು ತಗ್ಗಿನಲ್ಲಿ ಮಡುಗಟ್ಟುತ್ತದೆ, ಏರಿನಿಂದ ಜಾರುತ್ತದೆ. ಬಿಸಿಲು, ಮಳೆ ಮೊದಲು ತಾಗುವುದು ಏರಿಗೇ ಅಲ್ವಾ? ಅಲ್ಲೇ ಪದರ ತೀರಾ ತೆಳು. ನನ್ನ ಕಾರವಾರದ ಬೋರ್ಡು ಸುಲಿಯಲು ಶುರುವಾದದ್ದು ಆ ಏರುಗಳ ತುದಿಯಿಂದಲೇ. ಆದರೆ ಇದೇ ಒರಟು ಮೈ ಒಳಗೆ ಇಳಿಯುವ ಎಣ್ಣೆ, ಸ್ಟೇನುಗಳಿಗೆ ವರ. ನಯವಾದ ಹಲಗೆಗಿಂತ ಜಾಸ್ತಿ ಕುಡಿಯುತ್ತದೆ, ಹಾಗಾಗಿ ಜಾಸ್ತಿ ದಿನ ಹಿಡಿದಿಟ್ಟುಕೊಳ್ಳುತ್ತದೆ. ಬಣ್ಣಕ್ಕೂ ಒರಟು ಮೈಯಲ್ಲಿ ಒಳ್ಳೆಯ ಹಿಡಿತ ಸಿಗುತ್ತದೆ.

ಇನ್ನು ಬಿಸಿಲಿನ ವಿಷಯ. ಮರದ ನಾರುಗಳನ್ನು ಅಂಟಿನ ಹಾಗೆ ಹಿಡಿದಿಡುವ ವಸ್ತುವಿಗೆ ಲಿಗ್ನಿನ್ ಎನ್ನುತ್ತಾರೆ. ಬಿಸಿಲಿನ ಯುವಿ (ಅತಿನೇರಳೆ) ಕಿರಣ ಅದನ್ನು ಒಡೆಯುತ್ತದೆ, ಮಳೆ ತೊಳೆದುಕೊಂಡು ಹೋಗುತ್ತದೆ. ಬೂದಿ ಬಣ್ಣ ಬರುವುದು ಹೀಗೆ. ಪಾರದರ್ಶಕ ಪಾಲಿಶ್ ಎಷ್ಟೇ ಗಟ್ಟಿ ಇರಲಿ, ಅದರ ಮೂಲಕ ಬೆಳಕು ಹಾದು ಮರಕ್ಕೆ ತಾಗುತ್ತದೆ. ಪಾಲಿಶ್ ಚೆನ್ನಾಗಿಯೇ ಇರುತ್ತದೆ, ಅದರ ಕೆಳಗಿನ ಮರದ ಮೈ ಪುಡಿಯಾಗುತ್ತದೆ. ಹಿಡಿದುಕೊಳ್ಳಲು ಏನೂ ಇಲ್ಲದೆ ಪಾಲಿಶ್ ಏಳುತ್ತದೆ. ಬೆಳಕನ್ನು ತಡೆಯುವುದು ಬಣ್ಣದ ಪುಡಿ. ಬಣ್ಣ ಎಷ್ಟು ಗಾಢವೋ ರಕ್ಷಣೆ ಅಷ್ಟು ಜಾಸ್ತಿ, ಮರ ಕಾಣುವುದು ಅಷ್ಟು ಕಡಿಮೆ. ಇಡೀ ಆಯ್ಕೆ ನಿಂತಿರುವುದು ಈ ಕೊಡುಕೊಳ್ಳುವಿಕೆಯ ಮೇಲೆ.

ಕರಾವಳಿ ಮತ್ತು ಘಟ್ಟದ ಮೇಲೆ

ನಮ್ಮ ಕರಾವಳಿಗೆ ವರ್ಷಕ್ಕೆ 3000 ಮಿ.ಮೀ. ಆಸುಪಾಸು ಮಳೆ. ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುತ್ತದೆ. ಮಳೆಯ ಗಾಳಿ ಬರುವುದು ನೈಋತ್ಯದಿಂದ. ಮಧ್ಯಾಹ್ನದ ಸುಡು ಬಿಸಿಲು ಬೀಳುವುದೂ ಪಶ್ಚಿಮಕ್ಕೇ, ಉಪ್ಪು ಬರುವುದೂ ಅಲ್ಲಿಂದಲೇ. ಅಂದರೆ ಕಾರವಾರ, ಗೋಕರ್ಣ, ಮುರುಡೇಶ್ವರದಲ್ಲಿ ಕಡಲಿಗೆ ಮುಖ ಮಾಡಿದ ಬೋರ್ಡಿಗೆ ಮೂರೂ ಪೆಟ್ಟು ಒಂದೇ ಕೆನ್ನೆಗೆ. ಉಪ್ಪಿನ ಇನ್ನೊಂದು ಕೆಟ್ಟ ಗುಣ, ಅದು ಗಾಳಿಯಿಂದ ತೇವ ಎಳೆದುಕೊಳ್ಳುತ್ತದೆ. ಮಳೆ ನಿಂತರೂ ಬೋರ್ಡು ಪೂರ್ತಿ ಒಣಗುವುದಿಲ್ಲ.

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಉಪ್ಪಿಲ್ಲ. ಮರಗಳ ನೆರಳಿನಲ್ಲಿ ಬಿಸಿಲೂ ಕಡಿಮೆ. ಅಲ್ಲಿನ ವೈರಿ ತೇವ. ತೋಟದ ದಾರಿಯ ಬೋರ್ಡಿನ ಮೇಲೆ ತಿಂಗಳುಗಟ್ಟಲೆ ನೀರು ಆರುವುದಿಲ್ಲ. ಪಾಚಿ, ಬೂಷ್ಟು, ಆಮೇಲೆ ಒರಲೆ. ಕಡಲ ಬದಿಯಲ್ಲಿ ಬೆಳಕು ತಡೆಯುವ ಫಿನಿಶ್ ಬೇಕು. ಘಟ್ಟದ ಮೇಲೆ ಉಸಿರಾಡುವ, ಬೂಷ್ಟು ತಡೆಯುವ ಫಿನಿಶ್ ಬೇಕು.

ಪಾರದರ್ಶಕ ಪಾಲಿಶ್‌ಗಳು

ಗಿರಾಕಿಗಳು ಮೊದಲು ಕೇಳುವುದು ಇದನ್ನೇ, "ಮರ ಮರದ ಹಾಗೇ ಕಾಣ್ಬೇಕು" ಅಂತ. ಆಸೆ ನನಗೂ ಅರ್ಥವಾಗುತ್ತದೆ. ಇಷ್ಟು ದುಡ್ಡು ಕೊಟ್ಟು ಸಾಗವಾನಿ ತಂದು ಮೇಲೆ ಬಣ್ಣ ಬಳಿದರೆ ಹೊಟ್ಟೆ ಉರಿಯುತ್ತದೆ.

ಮೆಲಮೈನ್, ಫ್ರೆಂಚ್ ಪಾಲಿಶ್, ಎನ್‌ಸಿ (ನೈಟ್ರೋಸೆಲ್ಯುಲೋಸ್) ಲ್ಯಾಕರ್ ಮೂರೂ ಮನೆಯೊಳಗಿನ ಬಾಗಿಲು, ಮೇಜಿಗೆ ಸರಿ. ಹೊರಗೆ ಬೇಡವೇ ಬೇಡ. ಪಿಯುನಲ್ಲಿ ಎರಡು ಜಾತಿ ಇದೆ, ಹೊರಗಿನದು ಮತ್ತು ಒಳಗಿನದು. ಅಂಗಡಿಯಲ್ಲಿ ಸುಮ್ನೆ "ಪಿಯು ಕೊಡಿ" ಎಂದರೆ ಹೆಚ್ಚಾಗಿ ಒಳಗಿನದೇ ಕೈಗೆ ಬರುತ್ತದೆ. ಅದು ಬಿಸಿಲಿಗೆ ಹಳದಿಯಾಗುತ್ತದೆ. ಡಬ್ಬಿ ಮೇಲೆ ಎಕ್ಸ್‌ಟೀರಿಯರ್ ಎಂದು ಬರೆದದ್ದನ್ನು, ಅಲಿಫ್ಯಾಟಿಕ್ ಹಾರ್ಡನರ್ (ಬಿಸಿಲಿಗೆ ಹಳದಿಯಾಗದ ಜಾತಿಯ ಗಟ್ಟಿಕಾರಕ) ಇರುವುದನ್ನು ಕೇಳಿ ತನ್ನಿ. ಅದಾದರೂ ಗಡಸು ಪದರ. ಮರ ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಕುಗ್ಗುವಾಗ ಅದು ಜೊತೆಗೆ ಅಷ್ಟು ಹಿಗ್ಗುವುದಿಲ್ಲ. ಒಂದು ಕಡೆ ಕೂದಲೆಳೆಯಷ್ಟು ಬಿರುಕು ಬಿಟ್ಟರೆ ನೀರು ಒಳಗೆ ಸೇರಿ ಹೊರಬರಲಾರದೆ ಕೂರುತ್ತದೆ. ಶಿರಸಿಯ ಬೋರ್ಡಿಗೆ ಆದದ್ದು ಅದೇ.

ಮರೈನ್ ವಾರ್ನಿಷ್ ಇದಕ್ಕಿಂತ ಮೆತ್ತಗೆ. ಹಡಗಿನ ಮರಗೆಲಸಕ್ಕೆಂದೇ ಎಣ್ಣೆಯ ಪಾಲು ಜಾಸ್ತಿ ಇಟ್ಟು ಮಾಡಿದ್ದು, ಮರದ ಜೊತೆ ಹಿಗ್ಗುತ್ತದೆ. ಪಾರದರ್ಶಕವೇ ಬೇಕು ಎಂದು ಹಟ ಹಿಡಿದವರಿಗೆ ನಾನು ಕೊಡುವುದು ಇದನ್ನೇ. ಆದರೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ವರ್ಷಕ್ಕೊಮ್ಮೆ, ಹೊಳಪು ಹೋಗುವ ಮುಂಚೆಯೇ, ಹಗುರಾಗಿ ಪಾಲಿಶ್ ಪೇಪರ್ ಉಜ್ಜಿ ಇನ್ನೊಂದು ಕೋಟು ಕೊಡಬೇಕು. ಎರಡು ವರ್ಷ ಮರೆತರೆ ಎಲ್ಲವನ್ನೂ ಕೆರೆದು ಮೊದಲಿನಿಂದ ಶುರು. ಹಡಗಿನವರೂ ಹೀಗೇ ಮಾಡುತ್ತಾರೆ, ಅವರಿಗೆ ಅದಕ್ಕೆಂದೇ ಆಳುಗಳಿರುತ್ತಾರೆ.

ಎಪಾಕ್ಸಿ (ಎರಡು ದ್ರವ ಬೆರೆಸಿದರೆ ಗಟ್ಟಿಯಾಗುವ ರಾಳ) ಸುರಿದು ಗಾಜಿನ ಹಾಗೆ ಮಾಡಿದ ಬೋರ್ಡುಗಳ ಫೋಟೊ ತೋರಿಸಿ ಕೆಲವರು ಕೇಳುತ್ತಾರೆ. ನೀರು ತಡೆಯುವುದರಲ್ಲಿ ಎಪಾಕ್ಸಿ ಗಟ್ಟಿಗ, ಬಿಸಿಲಿನ ಮುಂದೆ ಬಲಹೀನ. ಹಳದಿಯಾಗಿ, ಸುಣ್ಣದ ಹಾಗೆ ಪುಡಿಯಾಗುತ್ತದೆ. ಮೇಲೆ ಬೇರೆ ಪದರ ಇಲ್ಲದೆ ಹೊರಗೆ ಇಡಬಾರದು.

ನನ್ನ ತೀರ್ಮಾನ ಇಷ್ಟು. ಜಗಲಿಯ ಒಳಗೆ, ಮಾಡಿನ ಕೆಳಗೆ ತೂಗುವ ಬೋರ್ಡಾದರೆ ಪಾರದರ್ಶಕ ಆಗಬಹುದು. ಗೇಟಿನ ಬದಿಗೆ, ಬಯಲಿಗೆ, ಕಡಲಿಗೆ ಆಗದು.

ಎಣ್ಣೆಗಳು

ಅಗಸೆ ಎಣ್ಣೆ ಹಚ್ಚಿದ ದಿನ ಮರ ಎಷ್ಟು ಚಂದ ಕಾಣುತ್ತದೆ ಎಂದರೆ ನೋಡುತ್ತಲೇ ನಿಲ್ಲಬೇಕು ಅನಿಸುತ್ತದೆ. ಆದರೆ ನಮ್ಮ ಮಳೆಗಾಲದಲ್ಲಿ ಅದು ಬೂಷ್ಟಿಗೆ ಊಟ. ಘಟ್ಟದ ಮೇಲಂತೂ ಆಗಸ್ಟ್ ಹೊತ್ತಿಗೆ ಬೋರ್ಡು ಕಪ್ಪಾಗುತ್ತದೆ. ಟಂಗ್ ಮರದ ಬೀಜದಿಂದ ತೆಗೆಯುವ ಟಂಗ್ ಆಯಿಲ್ ನೀರನ್ನು ಇದಕ್ಕಿಂತ ಚೆನ್ನಾಗಿ ತಡೆಯುತ್ತದೆ, ಆದರೆ ಬೆಲೆ ಜಾಸ್ತಿ, ಬೆಳಕನ್ನು ಅದೂ ತಡೆಯುವುದಿಲ್ಲ. ಇನ್ನೊಂದು ಎಚ್ಚರ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ತಾನಾಗಿಯೇ ಕಾವು ಏರಿ ಬೆಂಕಿ ಹತ್ತಿಕೊಳ್ಳಬಹುದು. ಬಿಡಿಸಿ ಒಣಗಿಸಿ, ಇಲ್ಲವೇ ನೀರಲ್ಲಿ ನೆನೆಸಿಡಿ.

ಕರಾವಳಿಯಲ್ಲಿ ಯಾರನ್ನು ಕೇಳಿದರೂ "ಗೇರೆಣ್ಣೆ ಹಚ್ಚಿ ಮಾರಾಯ್ರೇ, ದೋಣಿಗೇ ಹಚ್ತಾರೆ" ಎನ್ನುತ್ತಾರೆ. ಗೇರುಬೀಜದ ಸಿಪ್ಪೆಯ ಎಣ್ಣೆಯನ್ನು, ಮೀನೆಣ್ಣೆಯನ್ನು ನಮ್ಮ ಮೀನುಗಾರರು ತಲೆಮಾರುಗಳಿಂದ ದೋಣಿಗೆ ಬಳಿದು ಮರ ಉಳಿಸಿಕೊಂಡಿದ್ದಾರೆ. ಗೇರೆಣ್ಣೆಗೆ ಹುಳವೂ ಹೆದರುತ್ತದೆ. ಆ ತಿಳಿವಳಿಕೆಯ ಮೇಲೆ ನನಗೆ ದೊಡ್ಡ ಗೌರವ ಇದೆ. ಆದರೆ ಬೋರ್ಡಿನ ಮುಖಕ್ಕೆ ಅದು ಹೊಂದುವುದಿಲ್ಲ. ಮರವನ್ನು ಕಪ್ಪು ಮಾಡುತ್ತದೆ, ತಿಂಗಳುಗಟ್ಟಲೆ ಅಂಟಂಟು, ರಸ್ತೆಯ ಕೆಂಪು ಧೂಳೆಲ್ಲ ಬಂದು ತಗ್ಗಿನಲ್ಲಿ ಕೂರುತ್ತದೆ. ಕೈಗೆ ತಾಗಿದರೆ ಸುಟ್ಟ ಹಾಗೆ ಬೊಕ್ಕೆ ಏಳುತ್ತದೆ. ಮಣ್ಣಿನಲ್ಲಿ ಹೂಳುವ ಕಂಬದ ಬುಡಕ್ಕೆ ಮಾತ್ರ ನಾನು ಇವತ್ತಿಗೂ ಗೇರೆಣ್ಣೆಯನ್ನೇ ಬಳಸುವುದು, ಕೈಗೆ ಗ್ಲೌಸ್ ಹಾಕಿ.

ವುಡ್ ಸ್ಟೇನ್

ಘಟ್ಟದ ಮೇಲಿನ ಬೋರ್ಡುಗಳಿಗೆ ನನ್ನ ಮೊದಲ ಆಯ್ಕೆ ಇದು. ಎಣ್ಣೆಯಲ್ಲಿ ಬಣ್ಣದ ಪುಡಿ, ಬೂಷ್ಟು ತಡೆಯುವ ಔಷಧಿ ಎರಡೂ ಇರುವ, ಹೊರಗಿನ ಬಳಕೆಯ ಸ್ಟೇನ್. ಮೇಲೆ ಪದರ ಕಟ್ಟುವುದಿಲ್ಲ, ಮರದೊಳಗೆ ಇಳಿಯುತ್ತದೆ. ಪದರವೇ ಇಲ್ಲದ ಮೇಲೆ ಸುಲಿಯುವುದೂ ಇಲ್ಲ. ಬಣ್ಣ ಮೆಲ್ಲಗೆ ಮಾಸುತ್ತದೆ ಅಷ್ಟೇ. ಎರಡು ವರ್ಷಕ್ಕೊಮ್ಮೆ ನಾರಿನ ಬ್ರಶ್‌ನಲ್ಲಿ ತಿಕ್ಕಿ ತೊಳೆದು, ಒಣಗಿಸಿ, ಮತ್ತೊಮ್ಮೆ ಹಚ್ಚಿದರೆ ಮುಗಿಯಿತು. ಮನೆಯವರೇ ಮಾಡಿಕೊಳ್ಳಬಹುದು. ಮರದ ಗೆರೆಯೂ ಕಾಣುತ್ತದೆ.

ಬಣ್ಣ ಯಾವುದು ಎಂದು ಕೇಳಿದರೆ ಕೆಂಪು ಕಂದು. ಕಾರಣ ನಮ್ಮ ದೇವಸ್ಥಾನಗಳ ಗೋಡೆಯ ಮೇಲೇ ಇದೆ. ಗೋವಾದಿಂದ ನಮ್ಮ ಜಿಲ್ಲೆಯ ಕರಾವಳಿವರೆಗೆ ಹಳೆಯ ಗುಡಿಗಳಲ್ಲಿ ಕಾವಿ ಕಲೆಯ ಚಿತ್ರಗಳಿವೆಯಲ್ಲ, ಸುಣ್ಣದ ಬಿಳಿಯ ಮೇಲೆ ಕೆಮ್ಮಣ್ಣಿನ ಕೆಂಪು? ಆ ಕೆಂಪು ಕಬ್ಬಿಣದ ಆಕ್ಸೈಡ್. ಎಷ್ಟು ಬಿಸಿಲು ಕಂಡರೂ ಮಾಸದ ಬಣ್ಣ, ಯುವಿ ಕಿರಣವನ್ನೂ ತಾನೇ ನುಂಗುತ್ತದೆ. ಅದೇ ಆಕ್ಸೈಡ್ ಇರುವ ಸ್ಟೇನ್ ಸಾಗವಾನಿಗೆ ತುಂಬಾ ಹೊಂದುತ್ತದೆ.

ಕಡಲ ಬದಿಗೆ ಸ್ಟೇನ್ ಸಾಕಾಗುತ್ತದಾ? ಪೂರ್ವಕ್ಕೆ ಮುಖ ಮಾಡಿದ, ತೆಂಗಿನ ಮರಗಳ ಮರೆಯಲ್ಲಿರುವ ಬೋರ್ಡಿಗೆ ಸಾಕು, ವರ್ಷಕ್ಕೊಮ್ಮೆ ಹಚ್ಚುವುದಾದರೆ. ಪಶ್ಚಿಮಕ್ಕೆ ಸಾಲದು.

ಬಣ್ಣ: ಎನಾಮಲ್ಲೋ ಅಕ್ರಿಲಿಕ್ಕೋ

ನಮ್ಮಲ್ಲಿ ಮರ ಎಂದರೆ ಆಯಿಲ್ ಪೇಂಟು ಎಂದೇ ರೂಢಿ. ಎನಾಮಲ್ ಹೊಳೆಯುತ್ತದೆ, ಗೆರೆ ಎಳೆಯಲು ಸಲೀಸು, ಎಲ್ಲ ಊರಲ್ಲೂ ಸಿಗುತ್ತದೆ. ತೊಂದರೆ ಎಂದರೆ ವರ್ಷ ಕಳೆದಂತೆ ಅದು ಗಡುಸಾಗುತ್ತಲೇ ಹೋಗುತ್ತದೆ, ಕೊನೆಗೆ ಬಿರಿಯುತ್ತದೆ. ಒಳಗಿನ ತೇವ ಹೊರಹೋಗಲೂ ಬಿಡುವುದಿಲ್ಲ. ದೊಡ್ಡ ಹಿನ್ನೆಲೆಗೆ ಎನಾಮಲ್ ಬಳಿದರೆ ಮೂರನೇ ಮಳೆಗಾಲಕ್ಕೆ ಗುಳ್ಳೆ ಏಳುವುದನ್ನು ನೋಡಿದ್ದೇನೆ.

ನೀರಿನಲ್ಲಿ ಕಲಸುವ, ಹೊರಗಿನ ಬಳಕೆಯ ಅಕ್ರಿಲಿಕ್ ಬಣ್ಣ ರಬ್ಬರಿನ ಹಾಗೆ ಹಿಗ್ಗುತ್ತದೆ, ಆವಿ ಹೊರಗೆ ಬಿಡುತ್ತದೆ, ಬಿಸಿಲಿಗೆ ಬೇಗ ಸೋಲುವುದಿಲ್ಲ. ಹಾಳಾಗುವುದೂ ಸಭ್ಯವಾಗಿ, ಮೇಲಿನಿಂದ ಮೆಲ್ಲಗೆ ಸವೆಯುತ್ತದೆ. ಸ್ಯಾಂಡ್‌ಬ್ಲಾಸ್ಟ್ ಮಾಡಿದ ಹಿನ್ನೆಲೆಗೆ, ಕಡಲ ಬದಿಯಲ್ಲಿ, ಇದಕ್ಕಿಂತ ಒಳ್ಳೆಯದು ನನಗೆ ಕಂಡಿಲ್ಲ. ಮರದ ಬಣ್ಣ ಮುಚ್ಚುತ್ತದೆ ನಿಜ. ಆದರೆ ಗೆರೆಗಳ ಏರಿಳಿತ ಮುಚ್ಚುವುದಿಲ್ಲ, ಸಂಜೆ ಬಿಸಿಲು ಓರೆಯಾಗಿ ಬಿದ್ದಾಗ ಪ್ರತಿ ಗೆರೆಯೂ ಎದ್ದು ಕಾಣುತ್ತದೆ. ಇದನ್ನು ಒಮ್ಮೆ ತೋರಿಸಿದ ಮೇಲೆ ಹೆಚ್ಚಿನ ಗಿರಾಕಿಗಳು ಒಪ್ಪುತ್ತಾರೆ.

ಕೆಳಗೆ ಪ್ರೈಮರ್ ಮಾತ್ರ ಎಣ್ಣೆಯದ್ದೇ ಇರಲಿ. ಹಲಸಿನಲ್ಲಿ ಹಳದಿ, ಮತ್ತಿಯಲ್ಲಿ ಕಂದು ರಸ ಇರುತ್ತದೆ. ನೀರಿನ ಬಣ್ಣ ನೇರ ಹಚ್ಚಿದರೆ ಆ ರಸ ಮೇಲೆ ಬಂದು ಕಲೆ ಮಾಡುತ್ತದೆ. ಎಣ್ಣೆಯ ವುಡ್ ಪ್ರೈಮರ್ ಒಂದು ಕೋಟು, ಚೆನ್ನಾಗಿ ಒಣಗಲು ಬಿಟ್ಟು ಮೇಲೆ ಅಕ್ರಿಲಿಕ್ ಎರಡು ಕೋಟು. ಬ್ಲಾಸ್ಟ್ ಮಾಡಿದ ಮೈಗೆ ಪುಟ್ಟಿ ಬಳಿಯಬೇಡಿ, ಮಾಡಿದ ಕೆಲಸವೆಲ್ಲ ಮುಚ್ಚಿಹೋಗುತ್ತದೆ. ಬ್ರಶ್ ಕುಟ್ಟಿ ಕುಟ್ಟಿ ತಗ್ಗಿಗೆ ಇಳಿಸಿ. ಸ್ಪ್ರೇ ಒಂದನ್ನೇ ನಂಬಿದರೆ ಗೆರೆಯ ಒಂದು ಮಗ್ಗುಲು ಖಾಲಿ ಉಳಿಯುತ್ತದೆ. ತೀರಾ ಕಪ್ಪು, ಕಡು ನೀಲಿ ಬೇಡ, ಬಿಸಿಲಿಗೆ ಹಲಗೆ ಕಾದು ಸೀಳುತ್ತದೆ.

ಅಕ್ಷರಗಳು ನಯವಾದ, ಎದ್ದು ನಿಂತ ಭಾಗ. ಅಲ್ಲಿಗೆ ಎನಾಮಲ್ ಸರಿ. ಜಾಗ ಚಿಕ್ಕದು, ಮಾಸಿದರೆ ಒಂದು ಮಧ್ಯಾಹ್ನದಲ್ಲಿ ಮತ್ತೆ ತುಂಬಬಹುದು. ಚಿನ್ನದ ಬಣ್ಣ ಬೇಕೆಂದರೆ ಡಬ್ಬಿಯ ಗೋಲ್ಡ್ ಪೇಂಟ್ ಹಚ್ಚಬೇಡಿ. ಅದರಲ್ಲಿರುವುದು ಹಿತ್ತಾಳೆಯ ಜಾತಿಯ ಪುಡಿ, ಉಪ್ಪು ಗಾಳಿಗೆ ಬೇಗ ಕಪ್ಪು ಹಿಡಿಯುತ್ತದೆ. ನಕಲಿ ಚಿನ್ನದ ಹಾಳೆಯದೂ ಅದೇ ಕಥೆ. ನಿಜವಾದ 23 ಕ್ಯಾರೆಟ್ ಚಿನ್ನದ ರೇಕು ದುಬಾರಿ, ಆದರೆ ಚಿನ್ನಕ್ಕೆ ತುಕ್ಕಿಲ್ಲ. ಮೇಲೆ ಯಾವ ಪಾಲಿಶೂ ಬೇಡ, ಹಾಕಿದರೆ ಆ ಪಾಲಿಶೇ ಮೊದಲು ಹಾಳಾಗುತ್ತದೆ. ಬೋರ್ಡಿನ ಮೇಲೆ ಎಲ್ಲಕ್ಕಿಂತ ಹೆಚ್ಚು ಬಾಳುವ ಫಿನಿಶ್ ಯಾವುದು ಎಂದು ಕೇಳಿದರೆ ಇದೇ. ನಾಲ್ಕು ಅಕ್ಷರದ ಹೆಸರಾದರೆ ಒಮ್ಮೆ ಯೋಚಿಸಿ ನೋಡಿ.

ಹಚ್ಚುವ ಮೊದಲು

ಇಲ್ಲಿ ತಪ್ಪಿದರೆ ಮೇಲಿನ ಯಾವ ಆಯ್ಕೆಯೂ ಉಳಿಯುವುದಿಲ್ಲ. ಗಾಳಿಯ ತೇವ 90%ರ ಹತ್ತಿರ ನಿಂತ ಮಳೆಗಾಲದಲ್ಲಿ ಮರದೊಳಗಿನ ತೇವ 20%ವರೆಗೆ ಏರುತ್ತದೆ. ಗಾಳಿಯಲ್ಲಿ 65% ಇದ್ದಾಗ ಮರದಲ್ಲಿ 12%ರ ಆಸುಪಾಸು. ಬಣ್ಣ ಹಚ್ಚುವಾಗ 15% ಮೀರಬಾರದು. ಹಾಗಾಗಿ ನಾನು ಹೊರಗಿನ ಬೋರ್ಡಿನ ಕೆಲಸ ಇಟ್ಟುಕೊಳ್ಳುವುದು ಡಿಸೆಂಬರ್‌ನಿಂದ ಮಾರ್ಚ್‌ವರೆಗೆ. ಗಣೇಶ ಚೌತಿಗೆ ಬೇಕು ಎಂದು ಜುಲೈಯಲ್ಲಿ ಬಂದರೆ ಬೋರ್ಡು ಕೊಡುತ್ತೇನೆ, ಜಗಲಿಯೊಳಗೆ ತೂಗಿ ಎನ್ನುತ್ತೇನೆ.

ಬ್ಲಾಸ್ಟ್ ಆದ ಹಲಗೆಯನ್ನು ಬಿಸಿಲಿಗೆ ಇಟ್ಟು ಮರೆಯಬೇಡಿ. ಅಮೆರಿಕದ ಮ್ಯಾಡಿಸನ್‌ನಲ್ಲಿ 1910ರಿಂದ ನಡೆಯುತ್ತಿರುವ ಅರಣ್ಯ ಉತ್ಪನ್ನಗಳ ಪ್ರಯೋಗಾಲಯ ಇದನ್ನು ಪರೀಕ್ಷೆ ಮಾಡಿ ನೋಡಿದೆ. ಏನೂ ಹಚ್ಚದ ಮೈ ಕೆಲವೇ ವಾರ ಬಿಸಿಲು ಕಂಡರೂ ಬಣ್ಣದ ಹಿಡಿತ ಕಡಿಮೆಯಾಗುತ್ತದೆ. ಧೂಳು ಊದಿ, ಸಾಗವಾನಿಯಾದರೆ ಅದರ ಸಹಜ ಎಣ್ಣೆಯನ್ನು ಥಿನ್ನರ್ ಬಟ್ಟೆಯಲ್ಲಿ ಒರೆಸಿ, ಅದೇ ದಿನ ಮೊದಲ ಕೋಟು ಕೊಡಿ. ಕಡಲ ಬದಿಯಲ್ಲೇ ಕೆಲಸ ಮಾಡುವುದಾದರೆ ಕೋಟಿನ ನಡುವೆ ಸಿಹಿನೀರಿನ ಒದ್ದೆ ಬಟ್ಟೆಯಿಂದ ಉಪ್ಪು ಒರೆಸಿ, ಒಣಗಿಸಿ, ಮುಂದುವರಿಸಿ.

ಹಲಗೆಯ ತುದಿಯ ಕೊಯ್ದ ಮುಖ ಸ್ಟ್ರಾ ಹಾಗೆ ನೀರು ಎಳೆಯುತ್ತದೆ. ಅಲ್ಲಿಗೆ ಒಂದು ಕೋಟು ಜಾಸ್ತಿ. ಹಿಂಬದಿಗೂ ಮುಂಬದಿಯಷ್ಟೇ ಕೋಟು, ಇಲ್ಲದಿದ್ದರೆ ಹಲಗೆ ತಟ್ಟೆಯ ಹಾಗೆ ಬಾಗುತ್ತದೆ. ಮೇಲಿನ ಅಂಚನ್ನು ಹಿಂದಕ್ಕೆ ಇಳಿಜಾರು ಮಾಡಿ, ನೀರು ನಿಲ್ಲದ ಹಾಗೆ. ಕಬ್ಬಿಣದ ಸ್ಕ್ರೂ ಹಾಕಿದರೆ ಮರದ ರಸ ತಾಗಿ ಕಪ್ಪು ಕಣ್ಣೀರು ಇಳಿಯುತ್ತದೆ. ಕಡಲ ಹತ್ತಿರ 316 ನಂಬರಿನ ಸ್ಟೇನ್‌ಲೆಸ್ ಸ್ಟೀಲೇ ಬೇಕು, 304ಕ್ಕೂ ಉಪ್ಪಿನಲ್ಲಿ ಕಲೆ ಬೀಳುತ್ತದೆ. ಗೋಡೆಗೂ ಬೋರ್ಡಿಗೂ ನಡುವೆ ಬೆರಳು ಹೋಗುವಷ್ಟು ಜಾಗ ಬಿಡಿ.

ಘಟ್ಟದ ಮೇಲೆ ಮಳೆ ಬರುವ ಮುಂಚೆ ಮನೆಯ ಸುತ್ತ ಸೋಗೆಯ ತಟ್ಟಿ ಕಟ್ಟುತ್ತಾರೆ, ಗೋಡೆ ಉಳಿಸಲಿಕ್ಕೆ. ಬೋರ್ಡಿಗೂ ಅಂಥದ್ದೊಂದು ಯೋಚನೆ ಇರಲಿ. ಒಂದು ಗೇಣು ಮುಂದೆ ಚಾಚಿದ ಪುಟ್ಟ ಮಾಡು ಸಾಕು. ಗೋಕರ್ಣದ ಕಡಲ ತೀರದಲ್ಲಿ ಮಳೆಗಾಲಕ್ಕೆ ಅಂಗಡಿ ಮುಚ್ಚುವವರು ಬೋರ್ಡನ್ನೂ ಬಿಚ್ಚಿ ಒಳಗಿಡಿ. ಎರಡು ಕೊಕ್ಕೆಯಲ್ಲಿ ತೂಗುವ ಹಾಗೆ ಮಾಡಿಸಿಕೊಂಡರೆ ಐದು ನಿಮಿಷದ ಕೆಲಸ.

ಆ ಎರಡು ಬೋರ್ಡುಗಳನ್ನು ನಾನೇ ವಾಪಸ್ ತಂದು, ಕೆರೆದು, ಹೊಸದಾಗಿ ಮಾಡಿಕೊಟ್ಟೆ. ಕಾರವಾರದ್ದಕ್ಕೆ ಪ್ರೈಮರ್ ಮೇಲೆ ಕಾವಿ ಕೆಂಪಿನ ಅಕ್ರಿಲಿಕ್, ಅಕ್ಷರಕ್ಕೆ ಕೆನೆ ಬಣ್ಣದ ಎನಾಮಲ್. ಶಿರಸಿಯದ್ದಕ್ಕೆ ಕೆಂಪು ಕಂದು ಸ್ಟೇನ್, ಮೇಲೊಂದು ಸಣ್ಣ ಹೆಂಚಿನ ಮಾಡು. ಉಳಿದ ಬಣ್ಣವನ್ನು ಚಿಕ್ಕ ಡಬ್ಬಿಗಳಲ್ಲಿ ತುಂಬಿ, ಬಣ್ಣದ ನಂಬರು, ಹಚ್ಚಿದ ತಿಂಗಳು, ಮುಂದೆ ಹಚ್ಚಬೇಕಾದ ತಿಂಗಳು ಬರೆದು ಬೋರ್ಡಿನ ಜೊತೆಗೇ ಕೊಟ್ಟೆ. ಈಗ ಎಲ್ಲ ಬೋರ್ಡಿನ ಜೊತೆಗೂ ಆ ಡಬ್ಬಿ ಹೋಗುತ್ತದೆ. ಶಿರಸಿಯ ಯಜಮಾನರು ಅದನ್ನು ಅಡಿಕೆಗೆ ಔಷಧಿ ಹೊಡೆಯುವ ಸಾಮಾನಿನ ಪಕ್ಕದಲ್ಲೇ ಇಟ್ಟುಕೊಂಡಿದ್ದಾರೆ, ಮಳೆಗೆ ಮುಂಚೆ ಎರಡೂ ಒಟ್ಟಿಗೆ ಕಣ್ಣಿಗೆ ಬೀಳಲಿ ಅಂತ.